ನೆಲವಿಲ್ಲದ ದೇಶ, ದೇಶವಿಲ್ಲದ ಅಜ್ಜಿ

ಎಸ್ಟೋನಿಯಾದ ಟಾಲಿನ್ ನಗರದ ಅಂಚಿಗೆ, ಸಮುದ್ರಕ್ಕೆ ಮುಖ ಮಾಡಿಕೊಂಡು, ಹುಲ್ಲು ಬೆಳೆದ ವಿಶಾಲವಾದ ಇಳಿಜಾರೊಂದಿದೆ. ಇಳಿಜಾರು ಮುಗಿಯುವಲ್ಲಿ ಕಾಂಕ್ರೀಟಿನ ಭಾರೀ ಕಮಾನೊಂದು ತೆರೆದ ಚಿಪ್ಪಿನಂತೆ ಎದ್ದು ನಿಂತಿದೆ. ಅದರ ಕೆಳಗೆ ಒಂದೇ ಸಲಕ್ಕೆ 15,000 ಜನ ನಿಲ್ಲಬಹುದು. ಕೇಳಲು ಬಂದವರಲ್ಲ, ಹಾಡುವವರು! ಕೇಳುವವರೆಲ್ಲ ಹುಲ್ಲಿನ ಮೇಲೆ. ಹಾಡುವವರಿಗೇ ಇಷ್ಟು ದೊಡ್ಡ ಜಾಗ ಕಟ್ಟಿದ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಹೋದದ್ದು 2025ರ ಅಕ್ಟೋಬರ್ ಕೊನೆಯಲ್ಲಿ. ಮೈದಾನದಲ್ಲಿ ಹಾಡು ಹಾಗಿರಲಿ, ನರಪಿಳ್ಳೆಯೂ ಇರಲಿಲ್ಲ. ಬಾಲ್ಟಿಕ್ ಸಮುದ್ರದ ಗಾಳಿ ಮೂಗಿನ ತುದಿ ಕೊರೆಯುತ್ತಿತ್ತು. ಇಳಿಜಾರಿನ ನೆತ್ತಿಯಲ್ಲಿ ಕಂಚಿನ ಮನುಷ್ಯನೊಬ್ಬ ಕಮಾನಿನ ಕಡೆ ನೋಡುತ್ತ ಕೂತಿದ್ದ. ಅವನು ಗುಸ್ತಾವ್ ಎರ್ನೆಸಾಕ್ಸ್, ಈ ನಾಡಿನ ದೊಡ್ಡ ಸಂಗೀತ ಸಂಯೋಜಕ.

"ಜುಲೈನಲ್ಲಿ ಬರಬೇಕಿತ್ತು ಮಾವ ನೀವು," ಅಂದ ನನ್ನ ಅಕ್ಕನ ಮಗ. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಈ ಊರಿನಲ್ಲಿ ನೆಲೆಯೂರಿದ್ದಾನೆ. "ಹಾಡುಹಬ್ಬಕ್ಕೆ ನಾನೂ ಬಂದಿದ್ದೆ. ಮಳೆ ಬಂದ್ರೂ ಜನ ಕದಲಲಿಲ್ಲ. ಒಂದು ಪದ ಅರ್ಥ ಆಗದೇ ಇದ್ರೂ ನನಗೆ ಗಂಟಲು ಕಟ್ಟಿಬಿಡ್ತು."

ಎಸ್ಟೋನಿಯಾದ ಒಟ್ಟು ಜನಸಂಖ್ಯೆ ಹದಿಮೂರೂವರೆ ಲಕ್ಷದ ಆಸುಪಾಸು. 2011ರ ಜನಗಣತಿಯಂತೆ ನಮ್ಮ ಮೈಸೂರು ಜಿಲ್ಲೆಯೊಂದರಲ್ಲೇ 30 ಲಕ್ಷ ಜನರಿದ್ದರು. ಅಂಥ ಪುಟ್ಟ ದೇಶ ಸುಮಾರು ಐದು ವರ್ಷಕ್ಕೊಮ್ಮೆ ಈ ಮೈದಾನಕ್ಕೆ ಬರುತ್ತದೆ. ಈಚಿನ ಹಬ್ಬಗಳಲ್ಲಿ ಹಾಡುವವರ ಸಂಖ್ಯೆಯೇ 30,000 ದಾಟಿದೆ.

ಈ ರೂಢಿ ಶುರುವಾದದ್ದು 1869ರಲ್ಲಿ, ಟಾರ್ಟು ಎಂಬ ಊರಿನಲ್ಲಿ. ಆಗ ಇದು ರಷ್ಯದ ಜಾರ್ ದೊರೆಗಳ ಆಳ್ವಿಕೆಯ ಒಂದು ಮೂಲೆ. ಜಮೀನು ಜರ್ಮನ್ ಮೂಲದ ಜಮೀನ್ದಾರರದು, ಬೆವರು ಎಸ್ಟೋನಿಯನ್ ಮಾತಾಡುವವರದು. ಪತ್ರಿಕೆ ನಡೆಸುತ್ತಿದ್ದ ಯೊಹಾನ್ ವೊಲ್ಡೆಮಾರ್ ಯಾನ್ಸೆನ್, ರೈತರು ಜೀತದಿಂದ ಬಿಡುಗಡೆಯಾಗಿ ಐವತ್ತು ವರ್ಷ ತುಂಬಿತೆಂಬ ನೆಪ ಮುಂದಿಟ್ಟು ಸರ್ಕಾರದ ಒಪ್ಪಿಗೆ ಪಡೆದ. ಎಂಟುನೂರು ಚಿಲ್ಲರೆ ಗಂಡಸರು ಸೇರಿ ಹಾಡಿದರು. ಯಾನ್ಸೆನ್ನನ ಮಗಳು ಲಿಡಿಯಾ ಕೊಯ್ದುಲಾ ಬರೆದ ಕವಿತೆಗಳೂ ಅಲ್ಲಿ ಹಾಡಾದವು. ಹೊಲದಲ್ಲಿ ಬೇರೆ ಬೇರೆಯಾಗಿ ದುಡಿಯುತ್ತಿದ್ದವರು ತಾವೆಲ್ಲ ಒಂದು ಜನ ಎಂದು ಮೊದಲು ಕಂಡುಕೊಂಡದ್ದು ಇಂಥ ಕಡೆ. ಸೈನ್ಯವಿಲ್ಲ, ಸರ್ಕಾರವಿಲ್ಲ, ಗಡಿಯಿಲ್ಲ. ಇದ್ದದ್ದು ಸ್ವರ ಒಂದೇ.

ನಡುವೆ ಕೆಲಕಾಲ ಸ್ವತಂತ್ರವಾಗಿದ್ದ ಈ ದೇಶವನ್ನು 1940ರಲ್ಲಿ ಸೋವಿಯತ್ ಒಕ್ಕೂಟ ನುಂಗಿದ ಮೇಲೂ ಹಬ್ಬ ನಿಲ್ಲಲಿಲ್ಲ. ಹೊಗಳಬೇಕಾದವರನ್ನು ಹೊಗಳುವ ಹಾಡುಗಳು ಪಟ್ಟಿಗೆ ಸೇರಿಕೊಂಡವು, ಅಷ್ಟೆ. 1944ರಲ್ಲಿ ಎರ್ನೆಸಾಕ್ಸ್ ಕೊಯ್ದುಲಾಳ ತಾಯ್ನಾಡಿನ ಕವಿತೆಯೊಂದಕ್ಕೆ ಹೊಸ ರಾಗ ಹಾಕಿದ್ದ. 1960ರ ಹಬ್ಬದಲ್ಲಿ, ಪಟ್ಟಿಯಲ್ಲಿ ಇಲ್ಲದ ಆ ಹಾಡನ್ನು ಜನ ತಾವಾಗಿ ಎತ್ತಿಕೊಂಡರು. ಸಾವಿರಾರು ಬಾಯಿ ಒಟ್ಟಿಗೆ ಹಾಡುವಾಗ ಪೊಲೀಸರು ಯಾರ ಬಾಯಿ ಮುಚ್ಚಿಸಿಯಾರು? ಮುಂದೆ 1988ರ ಸೆಪ್ಟೆಂಬರ್ 11ರಂದು ಇದೇ ಇಳಿಜಾರಿನಲ್ಲಿ ಸುಮಾರು ಮೂರು ಲಕ್ಷ ಜನ ಸೇರಿದರು. ದೇಶದ ಐವರಲ್ಲಿ ಒಬ್ಬರು! ಹಾಡಿನ ನಡುನಡುವೆ ಸ್ವಾತಂತ್ರ್ಯ ಬೇಕೆಂದು ಬಾಯಿಬಿಟ್ಟು ಕೇಳಿದರು. ಕಲಾವಿದ ಹೈಂಟ್ಸ್ ವಾಲ್ಕ್ ಇದಕ್ಕೆ 'ಹಾಡಿನ ಕ್ರಾಂತಿ' ಎಂದು ಹೆಸರಿಟ್ಟದ್ದು ಅದೇ ವರ್ಷ. ಮರುವರ್ಷ ಆಗಸ್ಟ್ 23ಕ್ಕೆ ಟಾಲಿನ್‌ನಿಂದ ರೀಗಾ ಹಾದು ವಿಲ್ನಿಯಸ್‌ವರೆಗೆ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಮೂರು ದೇಶಗಳ ಸುಮಾರು ಇಪ್ಪತ್ತು ಲಕ್ಷ ಜನ ಕೈಕೈ ಹಿಡಿದು ನಿಂತರು. ಹಿಟ್ಲರ್ ಮತ್ತು ಸ್ಟಾಲಿನ್ ಸರ್ಕಾರಗಳು ಗುಟ್ಟಾಗಿ ಈ ದೇಶಗಳನ್ನು ಹಂಚಿಕೊಂಡ ಒಪ್ಪಂದಕ್ಕೆ ಅಂದು ಸರಿಯಾಗಿ ಐವತ್ತು ವರ್ಷ.

1991ರ ಆಗಸ್ಟ್ 20ರಂದು ಎಸ್ಟೋನಿಯಾ ಮತ್ತೆ ಸ್ವತಂತ್ರ ದೇಶವಾಯಿತು. ಇಲ್ಲಿಯವರು 'ಸ್ವಾತಂತ್ರ್ಯ ಪಡೆದೆವು' ಎನ್ನುವುದಿಲ್ಲ, 'ಮರಳಿ ಸ್ಥಾಪಿಸಿದೆವು' ಎನ್ನುತ್ತಾರೆ. ಆ ಪಟ್ಟಿನ ಹಿಂದೆ ಒಂದು ಸೋಜಿಗದ ಕಥೆಯಿದೆ. ಸೋವಿಯತ್ ಆಕ್ರಮಣವನ್ನು ಅಮೆರಿಕ ಎಂದೂ ಮಾನ್ಯ ಮಾಡಲಿಲ್ಲ. ಹಾಗಾಗಿ ನ್ಯೂಯಾರ್ಕಿನಲ್ಲಿದ್ದ ಎಸ್ಟೋನಿಯಾದ ಕಾನ್ಸುಲೇಟ್ ಕಚೇರಿ ಮುಚ್ಚಲಿಲ್ಲ. ದೇಶವೇ ನಕ್ಷೆಯಿಂದ ಅಳಿಸಿಹೋದ ಮೇಲೂ ಎರ್ನ್ಸ್ಟ್ ಯಾಕ್ಸನ್ ಎಂಬ ಅಧಿಕಾರಿ ಅಲ್ಲಿ ದಿನವೂ ಬಾಗಿಲು ತೆರೆದು ಕೂರುತ್ತಿದ್ದ. ಎಸ್ಟೋನಿಯಾದ ಪಾಸ್‌ಪೋರ್ಟುಗಳಿಗೆ ಮೊಹರು ಒತ್ತಿ ಕೊಡುತ್ತಿದ್ದ. ಹೀಗೆ ದಶಕಗಳ ಕಾಲ! ಒಂದು ದೇಶದ ಇರವು ಒಂದು ಕಚೇರಿಯ ಮೇಜು, ಕುರ್ಚಿ, ಮೊಹರಿನಲ್ಲಿ ಉಳಿದುಕೊಂಡಿತ್ತು. ನೆಲ ಹೋದರೂ ದೇಶ ಉಳಿಯುತ್ತದೆ, ಕಾಗದಪತ್ರ ಸರಿಯಿದ್ದರೆ ಸಾಕು ಎಂಬ ಪಾಠವನ್ನು ಈ ಜನ ಎಷ್ಟು ಗಟ್ಟಿಯಾಗಿ ಕಲಿತರೆಂಬುದು ಮುಂದೆ ನನಗೆ ತಿಳಿಯುತ್ತ ಹೋಯಿತು.

ಹಳೇ ಊರಿನ ಟೂಂಪಿಯಾ ಗುಡ್ಡ ಹತ್ತಿದೆವು. ಕಲ್ಲು ಹಾಸಿದ ಓಣಿಗಳು, ಕೆಂಪು ಹೆಂಚಿನ ಚೂಪು ಗೋಪುರಗಳು. 1422ರಿಂದ ಬಾಗಿಲು ತೆರೆದೇ ಇರುವ ಔಷಧದ ಅಂಗಡಿಯನ್ನು ಕೆಳಗಿನ ಚೌಕದಲ್ಲಿ ನೋಡಿ ಬಂದಿದ್ದೆವು. ಗುಡ್ಡದ ತುದಿಯಲ್ಲಿ ಪಾರ್ಲಿಮೆಂಟು. ಅದರ ಮಗ್ಗುಲ ಗೋಪುರದ ಮೇಲೆ ನೀಲಿ, ಕಪ್ಪು, ಬಿಳಿ ಬಾವುಟ. ಎದುರಿಗೇ, ರಸ್ತೆಯಾಚೆ, ಈರುಳ್ಳಿ ಗುಮ್ಮಟಗಳ ರಷ್ಯನ್ ಚರ್ಚು. ಜಾರ್ ದೊರೆಗಳು 1900ರಲ್ಲಿ ಮುಗಿಸಿದ್ದು, ನೀವು ಯಾರ ಅಡಿಯಲ್ಲಿದ್ದೀರಿ ಎಂದು ನೆನಪಿಸುವುದಕ್ಕೆ. ಚರ್ಚನ್ನು ಕೆಡವುವ ಮಾತು 1920ರ ದಶಕದಲ್ಲಿ ಬಂದಿತ್ತು, ಕೆಡವಲಿಲ್ಲ. ಬಾವುಟ ಮತ್ತು ಗುಮ್ಮಟ ಈಗಲೂ ದಿನವೂ ಮುಖಾಮುಖಿ.

ಕೆಳಗಿಳಿದರೆ ವಿರು ಹೋಟೆಲ್. 1972ರಲ್ಲಿ ವಿದೇಶಿ ಪ್ರವಾಸಿಗರಿಗೆಂದು ಕಟ್ಟಿದ್ದು. ಲಿಫ್ಟಿನ ಗುಂಡಿ 22ಕ್ಕೆ ನಿಲ್ಲುತ್ತದೆ, ಕಟ್ಟಡ ಮಾತ್ರ 23 ಮಹಡಿ. ಆ ಲೆಕ್ಕಕ್ಕಿಲ್ಲದ ಮಹಡಿಯಲ್ಲಿ ಕೆಜಿಬಿಯ ಕದ್ದು ಕೇಳುವ ಯಂತ್ರಗಳಿದ್ದವು. 'ಇಲ್ಲಿ ಏನೂ ಇಲ್ಲ' ಎಂದು ರಷ್ಯನ್ನಿನಲ್ಲಿ ಬರೆದ ಬಾಗಿಲಿನ ಹಿಂದೆ ಈಗ ಮ್ಯೂಸಿಯಂ. ಸರ್ಕಾರ ಜನರ ಮಾತು ಕದ್ದು ಕೇಳುತ್ತಿದ್ದ ಆ ಕಾಲದಲ್ಲಿ ಜನ ಕೇಳುತ್ತಿದ್ದದ್ದು ಫಿನ್‌ಲ್ಯಾಂಡನ್ನು. ಸುಮಾರು 80 ಕಿಲೋಮೀಟರ್ ನೀರಿನಾಚೆ ಹೆಲ್ಸಿಂಕಿ. ಅಲ್ಲಿಯ ಟೀವಿ ಇಲ್ಲಿಯ ಆಂಟೆನಾಗಳಿಗೆ ಸಿಗುತ್ತಿತ್ತು. ಎರಡು ಭಾಷೆಗಳೂ ದಾಯಾದಿಗಳು. ತುಂಬಿದ ಅಂಗಡಿ, ಹೊಸ ಕಾರು, ಸಾಬೂನಿನ ಜಾಹೀರಾತು ಎಲ್ಲವನ್ನೂ ಟಾಲಿನ್ನಿನ ಮನೆಮನೆ ನೋಡುತ್ತಿತ್ತು. ಮಾರುಕಟ್ಟೆ ಅರ್ಥಶಾಸ್ತ್ರ ಇಲ್ಲಿಗೆ ಪುಸ್ತಕದಿಂದ ಬರುವ ಮೊದಲೇ ಟೀವಿಯಿಂದ ಬಂದಿತ್ತು ಅನ್ನಬೇಕು.

ಹಾಡಿ ಪಡೆದ ದೇಶವನ್ನು ನಡೆಸುವುದು ಹೇಗೆ? 1992ರಲ್ಲಿ ಬೆಲೆಗಳು ಒಂದೇ ವರ್ಷದಲ್ಲಿ ಹತ್ತು ಪಟ್ಟಿಗೂ ಮಿಗಿಲಾಗಿ ಏರಿದವು. ರೂಬಲ್ ಕೈಯಲ್ಲಿದ್ದರೂ ಬ್ರೆಡ್ಡು ಸಿಗುತ್ತಿರಲಿಲ್ಲ. ಆ ಜೂನ್ 20ರಂದು ಎಸ್ಟೋನಿಯಾ ತನ್ನದೇ ನಾಣ್ಯ 'ಕ್ರೋನ್' ಹೊರತಂದಿತು. ಸೋವಿಯತ್ ಒಕ್ಕೂಟದಿಂದ ಹೊರಬಂದವರಲ್ಲಿ ರೂಬಲ್ಲನ್ನು ಪೂರ್ತಿ ಕೈಬಿಟ್ಟು ತಮ್ಮ ಹಣ ತಂದ ಮೊದಲಿಗರು ಇವರೇ. ಒಬ್ಬೊಬ್ಬರಿಗೆ 1,500 ರೂಬಲ್ ಬದಲಿಸಿಕೊಳ್ಳುವ ಅವಕಾಶ. ಹತ್ತು ರೂಬಲ್ಲಿಗೆ ಒಂದು ಕ್ರೋನ್. ಅಂದರೆ ಕೈಗೆ ಬಂದ ಹೊಸ ನಗದು ತಲೆಗೆ 150 ಕ್ರೋನ್. ಎಂಟು ಕ್ರೋನಿಗೆ ಒಂದು ಜರ್ಮನ್ ಮಾರ್ಕ್ ಎಂದು ದರ ಕಟ್ಟಿಹಾಕಿದರು. ಬೆನ್ನಿಗೆ ಇದ್ದದ್ದು 1940ಕ್ಕೂ ಮೊದಲು ಹೊರದೇಶಗಳ ಬ್ಯಾಂಕುಗಳಲ್ಲಿ ಇಟ್ಟು, ಐವತ್ತು ವರ್ಷದ ಮೇಲೆ ಮರಳಿ ಬಂದ ಚಿನ್ನ. ಮತ್ತೆ ಅದೇ ಪಾಠ: ಕಾಗದ ಸರಿಯಿತ್ತು, ಚಿನ್ನ ಬಂತು.

ಆ ಹಳೆಯ ನೋಟುಗಳನ್ನು ಒಂದು ಗಾಜಿನ ಪೆಟ್ಟಿಗೆಯಲ್ಲಿ ನೋಡಿ ಬಹಳ ಹೊತ್ತು ನಿಂತೆ. ನೂರರ ನೋಟಿನ ಮೇಲೆ ಕವಯಿತ್ರಿ ಕೊಯ್ದುಲಾ. ಐವತ್ತರ ಮೇಲೆ ಸಂಗೀತ ಸಂಯೋಜಕ ರುಡೊಲ್ಫ್ ಟೊಬಿಯಾಸ್. ಇಪ್ಪತ್ತೈದರ ಮೇಲೆ ಕಾದಂಬರಿಕಾರ ಟಮ್ಸಾರೆ. ಐದರ ಮೇಲೆ ಚೆಸ್ ಆಟಗಾರ ಪೌಲ್ ಕೆರೆಸ್. ರಾಜರಿಲ್ಲ, ಸೇನಾಪತಿಗಳಿಲ್ಲ! ಬ್ರೆಡ್ಡು ಕೊಳ್ಳುವ ಹಣದ ಮೇಲೆ ಹಾಡು ಬರೆದವರ ಮುಖ. ಆ ನೋಟುಗಳೂ ಈಗಿಲ್ಲ. 2011ರ ಜನವರಿ 1ರಿಂದ ಯೂರೋ.

ಕ್ರೋನ್ ಬಂದ ಆ ಮೊದಲ ವರ್ಷಗಳ ಪ್ರಧಾನಿ ಮಾರ್ಟ್ ಲಾರ್ ಎಂಬ ಇತಿಹಾಸದ ಮೇಷ್ಟರು. ಗದ್ದುಗೆ ಏರಿದಾಗ 32 ವರ್ಷ. 1994ರಲ್ಲಿ ಬಡವನಿಗೂ ಬಲ್ಲಿದನಿಗೂ ಒಂದೇ ದರ ಎಂದು 26 ಶೇಕಡಾ ಆದಾಯ ತೆರಿಗೆ ತಂದರು. ಆಮದು ಸುಂಕ ಹೆಚ್ಚುಕಡಿಮೆ ಎಲ್ಲ ತೆಗೆದರು. ಸರ್ಕಾರದ ಕಾರ್ಖಾನೆಗಳನ್ನು ಮಾರಿದರು. ಹೊರಗಿನ ಅರ್ಥಶಾಸ್ತ್ರಜ್ಞರು ಚಪ್ಪಾಳೆ ತಟ್ಟಿದರು. ಒಳಗೆ ಸಾಮೂಹಿಕ ಬೇಸಾಯದ ತೋಟಗಳು ಮುಚ್ಚಿದವು, ಹಳ್ಳಿಗಳು ಖಾಲಿಯಾದವು, ಪಿಂಚಣಿಯ ಮುದುಕರ ಕೈಯಲ್ಲಿ ಏನೂ ಉಳಿಯಲಿಲ್ಲ. 1989ರಲ್ಲಿ ಹದಿನೈದೂವರೆ ಲಕ್ಷ ದಾಟಿದ್ದ ಜನಸಂಖ್ಯೆ ಮುಂದಿನ ಎರಡು ದಶಕಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಇಳಿಯಿತು. ಒಂದಷ್ಟು ಜನ ರಷ್ಯಕ್ಕೆ ಮರಳಿದರು. ಗಾರೆ ಕೆಲಸದವರು, ಬಡಗಿಗಳು ವಾರದ ಮೊದಲ ದಿನ ಹಡಗು ಹತ್ತಿ ಹೆಲ್ಸಿಂಕಿಗೆ ಹೋಗಿ ಕೊನೆಯಲ್ಲಿ ಮರಳುವುದು ರೂಢಿಯಾಯಿತು.

ಇಷ್ಟರ ನಡುವೆ 1996ರಲ್ಲಿ ಅಧ್ಯಕ್ಷ ಲೆನ್ನಾರ್ಟ್ ಮೆರಿ 'ಹುಲಿ ನೆಗೆತ' ಎಂಬ ಯೋಜನೆ ಸಾರಿದರು. ಪ್ರತಿ ಶಾಲೆಗೂ ಕಂಪ್ಯೂಟರು, ಇಂಟರ್‌ನೆಟ್ಟು. ಹೊಟ್ಟೆಗೆ ಹಿಟ್ಟಿಲ್ಲದಾಗ ಇದೇನು ಎಂದು ಬೈದವರೂ ಇದ್ದರು. ಆ ನೆಗೆತ ಎಲ್ಲಿಗೆ ತಲುಪಿತೆಂಬುದನ್ನು ನಾನು ಲಾಸ್ನಮೆ ಬಡಾವಣೆಯಲ್ಲಿ, ಅಳಿಯನ ಅಡುಗೆಮನೆಯ ಮೇಜಿನ ಮೇಲೆ ನೋಡಿದೆ.

ಲಾಸ್ನಮೆ ಎಂದರೆ ಸೋವಿಯತ್ ಕಾಲದಲ್ಲಿ ಅಚ್ಚು ಹಾಕಿದ ಗೋಡೆಗಳನ್ನು ಜೋಡಿಸಿ ಕಟ್ಟಿದ ಒಂಬತ್ತಂತಸ್ತಿನ ಮನೆಗಳ ಸಾಲು ಸಾಲು. ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ರಷ್ಯನ್ ಮಾತಾಡುವವರು. ಬಾಡಿಗೆ ಕಡಿಮೆ ಎಂದು ಅಳಿಯ ಅಲ್ಲಿದ್ದಾನೆ. ಕಪ್ಪು ರೈ ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಅಮ್ಮ ಕಳಿಸಿದ ಚಟ್ನಿಪುಡಿ ಉದುರಿಸಿ ಕೊಟ್ಟ. ತಿನ್ನುತ್ತಿರುವಾಗಲೇ ಒಂದು ಪ್ಲಾಸ್ಟಿಕ್ ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದ.

"ನೋಡಿ ಮಾವ, ಇದು ನನ್ನ ಗುರುತಿನ ಚೀಟಿ. ಡಾಕ್ಟರ್ ಬರೆದ ಔಷಧಿ ಇದರಲ್ಲೇ. ತೆರಿಗೆ ಲೆಕ್ಕ ಸರ್ಕಾರವೇ ತುಂಬಿಟ್ಟಿರತ್ತೆ, ನಾನು ನೋಡಿ ಒತ್ತಿದರೆ ಮುಗೀತು."

"ಮತ್ತೆ ನಿನ್ನ ವಿಷಯವೆಲ್ಲ ಅವರ ಕೈಲಿ ಇದೆಯಲ್ಲೋ?"

"ಇದೆ. ಆದ್ರೆ ಯಾರು ನೋಡಿದ್ರು ಅಂತ ನನಗೂ ಕಾಣತ್ತೆ." ಪರದೆಯ ಮೇಲೆ ಪಟ್ಟಿ ತೆರೆದು ತೋರಿಸಿದ. ಇಂಥ ದಿನ, ಇಂಥ ಹೊತ್ತು, ಇಂಥ ಕಚೇರಿ ನಿನ್ನ ವಿವರ ತೆರೆದು ನೋಡಿತು ಎಂದು ಸಾಲುಸಾಲಾಗಿ ಬರೆದಿತ್ತು.

ನಾನು ಕಣ್ಣರಳಿಸಿ ಕೂತೆ. ಜೆರಾಕ್ಸ್ ಪ್ರತಿಗಳನ್ನು ಹೊತ್ತು ಮೇಜಿನಿಂದ ಮೇಜಿಗೆ ಅಲೆದು ಅಭ್ಯಾಸವಾದವನು. 2000ದ ಆಸುಪಾಸಿನಲ್ಲಿ ನಮ್ಮ ಕರ್ನಾಟಕವೂ 'ಭೂಮಿ' ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೆ ದಾರಿ ತೋರಿಸಿತ್ತು. ಇಲ್ಲಿಯವರು ಅದೇ ದಾರಿಯ ಕೊನೆಯವರೆಗೆ ನಡೆದಿದ್ದಾರೆ. ಒಮ್ಮೆ ಕೊಟ್ಟ ವಿವರವನ್ನು ಸರ್ಕಾರ ಮತ್ತೆ ಕೇಳಬಾರದು ಎಂಬ ನಿಯಮವೇ ಇದೆ. 2002ರಿಂದ ಕಾರ್ಡು, 2005ರಿಂದ ಮನೆಯಲ್ಲೇ ಕೂತು ಮತದಾನ. 2023ರ ಪಾರ್ಲಿಮೆಂಟ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ವೋಟು ಇಂಟರ್‌ನೆಟ್ಟಿನಲ್ಲೇ ಬಿತ್ತು.

ಇದನ್ನೆಲ್ಲ ಬರಿಯ ಅನುಕೂಲ ಎಂದುಕೊಂಡಿದ್ದೆ. ಹಿಂದಿನ ಭಯ ಆಮೇಲೆ ಕಂಡಿತು. 2007ರ ಏಪ್ರಿಲ್‌ನಲ್ಲಿ ಸರ್ಕಾರ ಸೋವಿಯತ್ ಯೋಧನ ಕಂಚಿನ ಪ್ರತಿಮೆಯನ್ನು ಊರ ನಡುವಿನಿಂದ ಸೈನಿಕರ ಸ್ಮಶಾನಕ್ಕೆ ಸಾಗಿಸಿತು. ಎಸ್ಟೋನಿಯನ್ನರಿಗೆ ಅದು ಆಕ್ರಮಣದ ಗುರುತು. ಇಲ್ಲಿಯ ರಷ್ಯನ್ನರಿಗೆ ಹಿಟ್ಲರನನ್ನು ಸೋಲಿಸಿದ ಅಜ್ಜಂದಿರ ಗುರುತು. ಗಲಭೆಯಾಗಿ ಒಬ್ಬ ಸತ್ತ. ಬೆನ್ನಲ್ಲೇ ಬ್ಯಾಂಕು, ಪತ್ರಿಕೆ, ಸರ್ಕಾರದ ಜಾಲತಾಣಗಳ ಮೇಲೆ ವಾರಗಟ್ಟಲೆ ಸೈಬರ್ ದಾಳಿ. ಹತ್ತು ವರ್ಷದ ಮೇಲೆ, 2017ರಲ್ಲಿ, ಎಸ್ಟೋನಿಯಾ ಲಕ್ಸೆಂಬರ್ಗ್ ದೇಶದ ಜೊತೆ ಒಪ್ಪಂದ ಮಾಡಿಕೊಂಡು, ಆಮೇಲೆ ಅಲ್ಲಿ ತನ್ನ ದತ್ತಾಂಶಗಳಿಗೆಂದೇ ಒಂದು ರಾಯಭಾರ ಕಚೇರಿ ತೆರೆಯಿತು. ಅಲ್ಲಿ ರಾಯಭಾರಿಯಿಲ್ಲ, ಸರ್ವರ್‌ಗಳಿವೆ. ಜನಸಂಖ್ಯೆಯ ದಾಖಲೆ, ಜಮೀನಿನ ದಾಖಲೆ, ಕಾನೂನು ಇವುಗಳ ಪ್ರತಿ ಅಲ್ಲಿ ಭದ್ರ. ನಾಳೆ ಟ್ಯಾಂಕುಗಳು ಮತ್ತೆ ಬಂದರೂ ಯಾರ ಮನೆ ಯಾರದೆಂಬುದನ್ನು ಯಾರೂ ಅಳಿಸಲಾಗದು. ನ್ಯೂಯಾರ್ಕಿನಲ್ಲಿ ಮೊಹರು ಹಿಡಿದು ಕೂತಿದ್ದ ಯಾಕ್ಸನ್ ಈಗ ಸರ್ವರ್ ಆಗಿದ್ದಾನೆ!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2014ರ ಡಿಸೆಂಬರ್‌ನಿಂದ ಇವರು ಜಗತ್ತಿನ ಹೆಚ್ಚುಕಡಿಮೆ ಯಾರಿಗೆ ಬೇಕಾದರೂ 'ಇ-ನಿವಾಸಿ' ಕಾರ್ಡು ಕೊಡುತ್ತಿದ್ದಾರೆ. ಬೆಂಗಳೂರಿನಲ್ಲೇ ಕೂತು ಅರ್ಜಿ ಹಾಕಿ, ಎಸ್ಟೋನಿಯಾದ ಕಂಪನಿ ತೆರೆದು, ಯುರೋಪಿನಲ್ಲಿ ವ್ಯಾಪಾರ ಮಾಡಬಹುದು. ಪೌರತ್ವ ಸಿಗದು, ಇಲ್ಲಿ ಬಂದು ಇರುವ ಹಕ್ಕೂ ಇಲ್ಲ. ಆದರೂ ಲಕ್ಷಕ್ಕೂ ಹೆಚ್ಚು ಜನ ಆ ಕಾರ್ಡು ಪಡೆದಿದ್ದಾರೆ. ನೆಲಕ್ಕೆ ಅಂಟಿಕೊಳ್ಳದ ದೇಶವೊಂದನ್ನು ಕಟ್ಟಿದ್ದಾರಲ್ಲ ಎಂದು ಬೆರಗಾಗಿ, ಮಾರನೆಯ ಬೆಳಗ್ಗೆ ನಾರ್ವಾದ ರೈಲು ಹತ್ತಿದೆ.

ಕಿತ್ತಳೆ ಬಣ್ಣದ ಈ ರೈಲುಗಳಿಗೆ ಇಲ್ಲಿಯವರು 'ಗಜ್ಜರಿ' ಎಂದು ಅಡ್ಡಹೆಸರಿಟ್ಟಿದ್ದಾರೆ. ಪೂರ್ವಕ್ಕೆ ಸುಮಾರು 210 ಕಿಲೋಮೀಟರ್. ಬರ್ಚ್ ಮರಗಳ ಕಾಡು, ಮಂಜು ಹೊದ್ದ ಹೊಲ. ಆಮೇಲಾಮೇಲೆ ಬಟ್ಟಬಯಲಲ್ಲಿ ಏಕಾಏಕಿ ಬೂದು ಗುಡ್ಡಗಳು. ಎಣ್ಣೆಕಲ್ಲು ಅಗೆದು ಸುಟ್ಟ ಬೂದಿಯ ರಾಶಿಗಳವು. ದೇಶಕ್ಕೆ ದಶಕಗಳ ಕಾಲ ಕರೆಂಟು ಕೊಟ್ಟ ಕಲ್ಲು. ಬೋಗಿಯೊಳಗೆ ಮಾತು ಎಸ್ಟೋನಿಯನ್‌ನಿಂದ ರಷ್ಯನ್ನಿಗೆ ಯಾವಾಗ ಹೊರಳಿತೋ ತಿಳಿಯಲಿಲ್ಲ.

ಎದುರಿಗೆ ಅಜ್ಜಿ, ಮೊಮ್ಮಗಳು. ಅಜ್ಜಿಯ ತಲೆಗೆ ಉಣ್ಣೆಯ ವಸ್ತ್ರ, ತೊಡೆಯ ಮೇಲೆ ಸೇಬಿನ ಚೀಲ. ಮೊಮ್ಮಗಳು ಟಾರ್ಟುವಿನಲ್ಲಿ ಓದುತ್ತಿದ್ದಾಳೆ. ಇಂಗ್ಲಿಷಿನಲ್ಲಿ ಅವಳೇ ದುಭಾಷಿ. ನಾನು ಇಂಡಿಯಾದವನೆಂದು ತಿಳಿದ ಕೂಡಲೇ ಅಜ್ಜಿ ರಾಜ್ ಕಪೂರ್ ಹೆಸರೆತ್ತಿದರು. ಚೀಲದಿಂದ ಒಂದು ಸೇಬು ನನ್ನ ಕೈಗೆ ಬಂತು. ಮಾತು ಪಾಸ್‌ಪೋರ್ಟಿನ ಕಡೆ ಹೊರಳಿದಾಗ ಅಜ್ಜಿ ಕೈಚೀಲದಿಂದ ಒಂದು ಬೂದು ಬಣ್ಣದ ಪುಸ್ತಕ ತೆಗೆದು ತೋರಿಸಿದರು. ಮೊಮ್ಮಗಳು ತನ್ನದನ್ನು ತೆಗೆದಳು: ಯುರೋಪ್ ಒಕ್ಕೂಟದ ಕೆಂಪು ರಟ್ಟು. "ಮಾವನದು ರಷ್ಯದ್ದು," ಎಂದು ನಕ್ಕಳು. ಒಂದು ಮನೆ, ಮೂರು ಪಾಸ್‌ಪೋರ್ಟು.

ಬೂದು ಪುಸ್ತಕ ಅಂದರೆ ಯಾವ ದೇಶದ ಪ್ರಜೆಯೂ ಅಲ್ಲದವರ ಪಾಸ್‌ಪೋರ್ಟು. ಅದು ಹುಟ್ಟಿದ್ದು ಹೀಗೆ: 1934ರಲ್ಲಿ ದೇಶದ ಜನರಲ್ಲಿ 88 ಶೇಕಡಾ ಎಸ್ಟೋನಿಯನ್ನರಿದ್ದರು, 1989ಕ್ಕೆ 61ಕ್ಕೆ ಇಳಿದಿದ್ದರು. ಸೈಬೀರಿಯಕ್ಕೆ ಗಡೀಪಾರಾದವರು, ಯುದ್ಧದಲ್ಲಿ ಸತ್ತವರು, ಓಡಿಹೋದವರ ಜಾಗಕ್ಕೆ ಕಾರ್ಖಾನೆ ಕೆಲಸಕ್ಕೆಂದು ರಷ್ಯದಿಂದ ಲಕ್ಷಾಂತರ ಜನ ಬಂದಿದ್ದರು. 1949ರ ಮಾರ್ಚಿನ ಕೆಲವೇ ದಿನಗಳಲ್ಲಿ ಸುಮಾರು 20,000 ಜನರನ್ನು, ಬಹುಪಾಲು ಹೆಂಗಸರು ಮಕ್ಕಳನ್ನು, ದನದ ಬೋಗಿಗಳಿಗೆ ತುಂಬಿ ಸಾಗಿಸಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಇನ್ನು ಸ್ವಲ್ಪ ಕಾಲ ಹೋದರೆ ಸ್ವಂತ ನಾಡಿನಲ್ಲೇ ತಾವು ಅಲ್ಪಸಂಖ್ಯಾತರು ಎಂಬ ಅಂಜಿಕೆ ಇತ್ತು. ಹಾಗಾಗಿ 1992ರಲ್ಲಿ ಕಾಗದ ತೆಗೆದು ನೋಡಿದರು: 1940ಕ್ಕೆ ಮುಂಚೆ ಇಲ್ಲಿಯ ಪ್ರಜೆಗಳಾಗಿದ್ದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಪ್ರಜೆಗಳು, ಉಳಿದವರು ಭಾಷೆಯ ಪರೀಕ್ಷೆ ಬರೆದು ಪ್ರಜೆಗಳಾಗಬೇಕು. ಆ ವರ್ಷ ದೇಶದ ಮೂವರಲ್ಲಿ ಒಬ್ಬರು ಪೌರತ್ವವಿಲ್ಲದವರಾದರು. ಈಗ ಅಂಥವರು ಶೇಕಡಾ ಐದರ ಸುಮಾರು.

"ಯಾಕೆ ಪರೀಕ್ಷೆ ಬರೀಲಿಲ್ಲ ಅಂತ ಕೇಳಮ್ಮ," ಎಂದೆ.

ಅಜ್ಜಿಯ ಉತ್ತರ ಉದ್ದವಿತ್ತು, ಮೊಮ್ಮಗಳದು ಚಿಕ್ಕದಾಗಿ ಬಂತು. "ನಾನು ಇಲ್ಲೇ ಹುಟ್ಟಿದವಳು. ಹುಟ್ಟಿದ ಊರಿನಲ್ಲಿ ಇರೋದಕ್ಕೆ ಪರೀಕ್ಷೆ ಯಾಕೆ, ಅಂತಾರೆ." ಸ್ವಲ್ಪ ತಡೆದು ತಾನೇ ಸೇರಿಸಿದಳು: "ಬೂದು ಪಾಸ್‌ಪೋರ್ಟಿದ್ದರೆ ವೀಸಾ ಇಲ್ಲದೆ ರಷ್ಯಕ್ಕೂ ಹೋಗಬಹುದು, ಯುರೋಪಿಗೂ ಹೋಗಬಹುದು. ನದಿಯಾಚೆ ಅಜ್ಜಿಯ ತಂಗಿ ಇದ್ದಾರೆ."

ಆ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಅಜ್ಜಿ ವೋಟು ಹಾಕಿದ್ದರು. ಅದೇ ಕೊನೆ. 2025ರ ಮಾರ್ಚಿನಲ್ಲಿ ಸಂವಿಧಾನ ತಿದ್ದುಪಡಿಯಾಗಿದೆ. ರಷ್ಯದ ಪ್ರಜೆಗಳಿಗೆ ಈ ಸಲವೇ ಮತವಿರಲಿಲ್ಲ, ಬೂದು ಪಾಸ್‌ಪೋರ್ಟಿನವರಿಗೆ ಮುಂದಿನ ಸಲದಿಂದ ಇಲ್ಲ. ಉಕ್ರೇನಿನ ಮೇಲೆ ಯುದ್ಧ ಶುರುವಾದ ಮೇಲೆ ಇಲ್ಲಿಯ ಸರ್ಕಾರಕ್ಕೆ ಗಡಿ ಮೊದಲಿಗಿಂತ ಹತ್ತಿರ ಕಾಣುತ್ತಿದೆ.

ನಾರ್ವಾ ದೇಶದ ಮೂರನೆಯ ದೊಡ್ಡ ಊರು. ಜನ ಐವತ್ತು ಸಾವಿರಕ್ಕಿಂತ ತುಸು ಹೆಚ್ಚು. ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಮಂದಿಯ ಮನೆಮಾತು ರಷ್ಯನ್. 1944ರ ಬಾಂಬಿಗೆ ಹಳೇ ಊರು ನೆಲಸಮವಾಯಿತು. ಅದನ್ನು ಮತ್ತೆ ಕಟ್ಟಲಿಲ್ಲ, ಓಡಿಹೋಗಿದ್ದ ಎಸ್ಟೋನಿಯನ್ನರನ್ನು ಸೋವಿಯತ್ ಆಡಳಿತ ಮರಳಿ ಬರಲು ಬಿಡಲಿಲ್ಲ. ಹೊಸ ಮನೆ, ಹೊಸ ಜನ.

ಊರ ದಕ್ಷಿಣಕ್ಕೆ ಕ್ರೀನ್‌ಹೋಲ್ಮ್ ಹತ್ತಿ ಗಿರಣಿ. ಅಜ್ಜಿ ಹದಿನೇಳಕ್ಕೇ ಅಲ್ಲಿ ಮಗ್ಗದ ಮುಂದೆ ನಿಂತವರು. ನೋಡಿದ್ದೇ ತಡ ನನಗೆ ಗೋಕಾಕ್ ನೆನಪಾಯಿತು. ಅಲ್ಲಿಯಂತೆ ಇಲ್ಲಿಯೂ ಧಬಧಬೆಯ ಪಕ್ಕದಲ್ಲೇ, ನೀರಿನ ಬಲವನ್ನೇ ನಂಬಿ, 1857ರಲ್ಲಿ ಲುಡ್ವಿಗ್ ಕ್ನೂಪ್ ಎಂಬ ವ್ಯಾಪಾರಿ ಗಿರಣಿ ಹಾಕಿದ. ಜಗತ್ತಿನ ದೊಡ್ಡ ಹತ್ತಿ ಗಿರಣಿಗಳಲ್ಲಿ ಇದೊಂದು. ಉಚ್ಛ್ರಾಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರು. ಕೆಂಪು ಇಟ್ಟಿಗೆಯ ಕಟ್ಟಡಗಳು ಅರಮನೆಯ ಗತ್ತಿನಲ್ಲಿ ಇನ್ನೂ ನಿಂತಿವೆ. ಕಿಟಕಿಗಳ ಗಾಜು ಒಡೆದಿದೆ. ಧಬಧಬೆಯ ಬಂಡೆಗಳು ಒಣಗಿವೆ. ನೀರೆಲ್ಲ ತಿರುಗಿಕೊಂಡು ರಷ್ಯದ ದಡದಲ್ಲಿರುವ ವಿದ್ಯುದಾಗಾರಕ್ಕೆ ಹೋಗುತ್ತದೆ. 1991ರ ನಂತರ ಪೂರ್ವದ ಮಾರುಕಟ್ಟೆ ಕೈತಪ್ಪಿತು, ಗಿರಣಿಯನ್ನು ಸ್ವೀಡನ್ನಿನ ಕಂಪನಿ ಕೊಂಡಿತು, 2010ರಲ್ಲಿ ದಿವಾಳಿ. ಟಾಲಿನ್ನಿನ ಹಾಡಿನ ಮೈದಾನದಲ್ಲಿ ಬಿಡುಗಡೆ ಎನಿಸಿದ್ದು ಈ ಅಂಗಳದಲ್ಲಿ ಪಗಾರ ನಿಂತ ದಿನವಾಗಿ ನೆನಪಿದೆ. 1993ರ ಜುಲೈನಲ್ಲಿ ನಾರ್ವಾದ ಜನ ಸ್ವಾಯತ್ತತೆ ಬೇಕೆಂದು ಮತ ಹಾಕಿದ್ದರು; ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬಂದೂಕು ಮಾತ್ರ ಯಾರೂ ಎತ್ತಲಿಲ್ಲ. ಅದೂ ಒಂದು ಸೋಜಿಗವೇ.

ನದಿಯ ದಡಕ್ಕೆ ಬಂದರೆ ಎರಡು ಕೋಟೆಗಳು ಎದುರುಬದುರು. ಈಚೆ ಹರ್ಮನ್ ಕೋಟೆಯ ಬಿಳಿ ಗೋಪುರ, ಆಚೆ 1492ರಲ್ಲಿ ಕಟ್ಟಿದ ಇವಾಂಗೊರೊಡ್ ಕೋಟೆ. ನಡುವೆ ಒಂದು ಕೂಗಳತೆಯ ನೀರು, ಮೇಲೆ 'ಗೆಳೆತನ' ಎಂದು ಹೆಸರಿಟ್ಟ ಸೇತುವೆ. 2024ರ ಫೆಬ್ರವರಿಯಿಂದ ಅದರ ಮೇಲೆ ವಾಹನವಿಲ್ಲ. ಜನ ಗಾಲಿಚೀಲ ಎಳೆಯುತ್ತ ಸಾಲಿನಲ್ಲಿ ನಡೆದೇ ದಾಟುತ್ತಾರೆ. ಈಚಿನ ದಡದಲ್ಲಿ ನಿಂತರೆ ಯುರೋಪ್ ಒಕ್ಕೂಟ, ನ್ಯಾಟೋ ಎರಡೂ ನನ್ನ ಕಾಲಬುಡದಲ್ಲಿ ಮುಗಿಯುತ್ತಿದ್ದವು.

ಆ ಸಾಲನ್ನು ನೋಡುತ್ತ ನನ್ನೊಳಗೆ ಎರಡು ದನಿ ಜಗಳಕ್ಕೆ ನಿಂತವು. ಬೆಂಗಳೂರಿನಲ್ಲಿ, ಇಷ್ಟು ವರ್ಷ ಇದ್ದೂ ಕನ್ನಡ ಕಲಿಯಲಿಲ್ಲವಲ್ಲ ಎಂದು ಸಿಟ್ಟಾಗುವವರಲ್ಲಿ ನಾನೂ ಒಬ್ಬ. ಹಾಗಾಗಿ ಎಸ್ಟೋನಿಯನ್ನರು ಪರೀಕ್ಷೆ ಕೇಳುವುದು ನನಗೆ ಸಹಜವಾಗಿ ಅರ್ಥವಾಗುತ್ತದೆ. ಹತ್ತು ಲಕ್ಷದಷ್ಟು ಜನ ಆಡುವ ಭಾಷೆಗೆ ಬೇರೆ ಮನೆಯಿಲ್ಲ. ಆದರೆ 1956ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ಕೇರಳಕ್ಕೆ ಹೋದಾಗ, ಮನೆಯ ಹೊಸ್ತಿಲು ದಾಟದೆಯೇ ಇನ್ನೊಂದು ರಾಜ್ಯದ ಭಾಷಾ ಅಲ್ಪಸಂಖ್ಯಾತರಾದ ಕನ್ನಡಿಗರೂ ನನ್ನವರೇ. ಗಡಿ ಅವರ ಮೇಲೆ ಹಾದುಹೋಯಿತು. ಅಜ್ಜಿಯ ಮೇಲೂ ಹಾಗೆಯೇ. ನೆಲವಿಲ್ಲದೆಯೂ ಉಳಿಯಬಲ್ಲ ದೇಶವನ್ನು ಕಟ್ಟಿದ ಅದೇ ಕಾಗದದ ನಂಬಿಕೆ, ನೆಲವಿದ್ದೂ ದೇಶವಿಲ್ಲದ ಅಜ್ಜಿಯನ್ನೂ ಉಳಿಸಿತು. ಇವೆರಡನ್ನೂ ಬೇರೆ ಬೇರೆ ಕಥೆಗಳೆಂದು ಹೇಳುವವರು ಅರ್ಧವನ್ನಷ್ಟೇ ಹೇಳುತ್ತಾರೆ.

ಟಾಲಿನ್ನಿಗೆ ಮರಳಿದ ರಾತ್ರಿ ಅಳಿಯನನ್ನು ಕೇಳಿದೆ, "ನೀನು ಏನು ಮಾಡ್ತೀಯೋ?"

ಎಂಟು ವರ್ಷ ಇದ್ದರೆ ಅವನೂ ಪೌರತ್ವಕ್ಕೆ ಅರ್ಜಿ ಹಾಕಬಹುದು. ಭಾಷೆಯ ಪರೀಕ್ಷೆ, ಸಂವಿಧಾನದ ಪರೀಕ್ಷೆ. ಆಮೇಲೆ ಭಾರತದ ಪಾಸ್‌ಪೋರ್ಟು ಬಿಟ್ಟುಕೊಡಬೇಕು. ಎರಡನ್ನು ಇಟ್ಟುಕೊಳ್ಳಲು ಅವರೂ ಬಿಡುವುದಿಲ್ಲ, ನಾವೂ ಬಿಡುವುದಿಲ್ಲ.

"ಮೊದಲು ಭಾಷೆ ಬರಲಿ ಮಾವ. ಇವರದು ಹದಿನಾಲ್ಕು ವಿಭಕ್ತಿ. ನಮ್ಮ ಪ್ರಥಮಾ, ದ್ವಿತೀಯಾಕ್ಕೇ ನಾನು ಮೇಷ್ಟರ ಹತ್ರ ಏಟು ತಿಂದವನು!" ನಕ್ಕೆವು. ನಗು ನಿಂತ ಮೇಲೆ ಅವನೇ ಅಂದ, "ಅಮ್ಮನಿಗೆ ಇನ್ನೂ ಹೇಳಿಲ್ಲ." ಅವನಿಗೆ ಅದು ಆಯ್ಕೆಯ ಪ್ರಶ್ನೆ. ರೈಲಿನ ಅಜ್ಜಿಯ ಪಾಲಿಗೆ ಅದು ನಡುವಯಸ್ಸಿನಲ್ಲಿ ಬಾಗಿಲಿಗೆ ಬಂದ ನೋಟೀಸು.

ಆ ಮೊಮ್ಮಗಳ ವಿಷಯ ಹೇಳದೆ ಮುಗಿಸಿದರೆ ತಪ್ಪಾದೀತು. ಅವಳು ಓದುತ್ತಿರುವುದು ಶಿಕ್ಷಕಿಯಾಗಲು. 2024ರ ಸೆಪ್ಟೆಂಬರ್‌ನಿಂದ ದೇಶದ ಎಲ್ಲ ರಷ್ಯನ್ ಶಾಲೆಗಳೂ ಹಂತಹಂತವಾಗಿ ಎಸ್ಟೋನಿಯನ್ ಮಾಧ್ಯಮಕ್ಕೆ ಹೊರಳುತ್ತಿವೆ. ಮೊದಲಿಗೆ ಒಂದನೇ ಮತ್ತು ನಾಲ್ಕನೇ ತರಗತಿ. ನಾರ್ವಾ ಭಾಗಕ್ಕೆ ಪಾಠ ಮಾಡಲು ಬರುವವರಿಗೆ ಸರ್ಕಾರ ಒಂದೂವರೆ ಪಟ್ಟು ಸಂಬಳ ಕೊಡುತ್ತಿದೆ. ಮರುವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ನಾರ್ವಾ ಊರಿನಲ್ಲಿ ಆಯಸ್ಕಾಂತ ಮಾಡುವ ಹೊಸ ಕಾರ್ಖಾನೆ ಯುರೋಪ್ ಒಕ್ಕೂಟದ ನೆರವಿನಿಂದ ಬಾಗಿಲು ತೆರೆದಿದೆ. ಎಲೆಕ್ಟ್ರಿಕ್ ಕಾರು, ಗಾಳಿಯಂತ್ರಗಳಿಗೆ ಬೇಕಾದ ಸರಕು. ಹುಡುಗಿ ಊರಿಗೇ ಮರಳುತ್ತಾಳಂತೆ. ಮನೆಯಲ್ಲಿ ರಷ್ಯನ್, ತರಗತಿಯಲ್ಲಿ ಎಸ್ಟೋನಿಯನ್. "ಮಕ್ಕಳು ಅತ್ತರೆ?" ಎಂದು ಕೇಳಿದ್ದೆ. "ಅಳುವಾಗ ರಷ್ಯನ್ನಿನಲ್ಲೇ ಸಮಾಧಾನ ಮಾಡ್ತೀನಿ, ಲೆಕ್ಕ ಎಸ್ಟೋನಿಯನ್‌ನಲ್ಲಿ ಹೇಳಿಕೊಡ್ತೀನಿ," ಎಂದಿದ್ದಳು. ಈ ದೇಶ ತನ್ನ ದಾಖಲೆಗಳನ್ನು ಲಕ್ಸೆಂಬರ್ಗಿನಲ್ಲಿ ಭದ್ರ ಮಾಡಿ ಇಟ್ಟಿದೆ, ಸರಿ. ಅದರ ಮುಂದಿನ ಐವತ್ತು ವರ್ಷವನ್ನು ಮಾತ್ರ ನಾರ್ವಾದ ಒಂದನೇ ತರಗತಿ ತೀರ್ಮಾನಿಸುತ್ತದೆ.